ಅತ್ತಿಗೆಯ ಹೊಟ್ಟೆನೋವು

ನಮ್ಮ ಅಣ್ಣನಿಗೂ ಅತ್ತಿಗೆಗೂ ಮೂರು ವರ್ಷಗಳ ಅಂತರದಲ್ಲಿ ಉದರದ ಕ್ಯಾನ್ಸರು ಬಂದುದನ್ನು ಬಂಧುಗಳೆಲ್ಲ ಬಲ್ಲರು. 2011ರಲ್ಲಿ ಅಣ್ಣನಿಗೆ ಜಠರದಲ್ಲಿ, 2014ರಲ್ಲಿ ಅತ್ತಿಗೆಗೆ ಅಂಡಾಶಯದಲ್ಲಿ. ಅಣ್ಣ ಎರಡು ಸಲ ರಕ್ತ ವಾಂತಿ ಮಾಡಿಕೊಂಡ ಮರುದಿನವೇ ಕಾರು ಗೊತ್ತುಮಾಡಿ, ತೀರ್ಥಹಳ್ಳಿಯಿಂದ ಆಗುಂಬೆ ಘಾಟಿಯಿಳಿದು ಮಣಿಪಾಲಕ್ಕೆ ಕರೆದೊಯ್ದೆವು. ಅತ್ತಿಗೆಯ ಹೊಟ್ಟೆ ಉಬ್ಬತೊಡಗಿದ್ದು ದೀಪಾವಳಿಯ ಸುಮಾರಿಗೆ. ಎರಡು ತುತ್ತಿಗೇ ಹೊಟ್ಟೆ ತುಂಬಿತೆನ್ನುತ್ತಿದ್ದರು. "ಗ್ಯಾಸ್ಟ್ರಿಕ್ ಇರಬೇಕು, ಕೊನೆಕೊಯ್ಲು ಮುಗಿಯಲಿ" ಎಂದರು. ಅಣ್ಣನ ಪಥ್ಯ, ಅಡಿಕೆ ಸುಲಿಯುವ ಆಳುಗಳ ಊಟ, ಎಲ್ಲವೂ ಅವರ ಮೇಲೆಯೇ. ಜೀರಿಗೆ ಕಷಾಯ ಕುಡಿಯಿರಿ ಎಂದವನು ನಾನೇ! ಶಿವರಾತ್ರಿ ಕಳೆದು ಹೋದಾಗ ಹೊಟ್ಟೆಯಲ್ಲಿ ನೀರು ತುಂಬಿ, ರೋಗ ಒಳಪೊರೆಗೆ ಹರಡಿತ್ತು. ಶಸ್ತ್ರಚಿಕಿತ್ಸೆ, ಕೀಮೋಥೆರಪಿ ಎಲ್ಲವೂ ಆಗಿ ಅವರು ಬದುಕಿದ್ದು ಹದಿನಾಲ್ಕು ತಿಂಗಳು. ಅಣ್ಣ ಅವರಿಗಿಂತ ಹಿಂದೆ ಉಳಿದರು.

ಹೆಂಗಸರ ದೇಹವೇ ದುರ್ಬಲವೆಂದು ಯಾರೋ ಸಮಾಧಾನ ಹೇಳಿದರು. ಆ ಮಾತು ನಿಜವಲ್ಲ. ಜಠರದ ಕ್ಯಾನ್ಸರು ಗಂಡಸರಲ್ಲಿ ಹೆಚ್ಚುಕಡಿಮೆ ಎರಡು ಪಟ್ಟು. ಹಲವು ದೇಶಗಳ ದಾಖಲೆಗಳಲ್ಲಿ, ಅನೇಕ ಬಗೆಯ ಕ್ಯಾನ್ಸರುಗಳ ಚಿಕಿತ್ಸೆಯ ನಂತರ ಹೆಚ್ಚು ಕಾಲ ಬದುಕಿದವರು ಹೆಂಗಸರೇ. ದೇಹದ ವ್ಯತ್ಯಾಸ ಇಲ್ಲವೆಂದಲ್ಲ. ಫ್ಲೂರೋಯುರಾಸಿಲ್‌ನಂತಹ ಔಷಧವನ್ನು ಸ್ತ್ರೀದೇಹ ನಿಧಾನವಾಗಿ ಹೊರಹಾಕುವುದರಿಂದ ಬಾಯಿಹುಣ್ಣು, ಭೇದಿ ಅವರನ್ನು ಹೆಚ್ಚು ಕಾಡುತ್ತವೆ. ಅಂಡಾಶಯದ ಕ್ಯಾನ್ಸರಂತೂ ಆರಂಭದಲ್ಲಿ ಸ್ಪಷ್ಟ ಸುಳಿವನ್ನೇ ಕೊಡುವುದಿಲ್ಲ. ಹೆಚ್ಚಿನವರಲ್ಲಿ ಪತ್ತೆಯಾಗುವುದು ಮೂರು ಅಥವಾ ನಾಲ್ಕನೆಯ ಹಂತದಲ್ಲಿಯೇ.

ಆದರೆ ಈ ಲೆಕ್ಕಗಳೆಲ್ಲ ಆಸ್ಪತ್ರೆಯ ಮೆಟ್ಟಿಲು ಹತ್ತಿದವರದು. ಮೇಷ್ಟರಾಗಿದ್ದವನಿಗೆ ಇದು ಬೇಗ ಅರ್ಥವಾಗುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ಹುಡುಗಿಯರ ಫಲಿತಾಂಶ ಚೆನ್ನಾಗಿದೆಯೆಂದು ನಾವು ಹಿಗ್ಗುತ್ತಿದ್ದೆವು. ಒಂಬತ್ತನೆಯ ತರಗತಿಯಲ್ಲೇ ಶಾಲೆ ಬಿಟ್ಟವಳು ಆ ಶೇಕಡಾವಾರಿನಲ್ಲಿ ಎಲ್ಲಿದ್ದಳು? ದೆಹಲಿಯ ಏಮ್ಸ್ ಆಸ್ಪತ್ರೆಯ 2016ರ ಹೊರರೋಗಿ ದಾಖಲೆಗಳನ್ನು ಅಧ್ಯಯನ ಮಾಡಿದವರು ಸುಮಾರು 23 ಲಕ್ಷ ಭೇಟಿಗಳಲ್ಲಿ ಒಬ್ಬ ಹೆಣ್ಣಿಗೆ 1.69 ಗಂಡು ಎಂಬ ಪ್ರಮಾಣ ಕಂಡರು. ಬಿಹಾರದಂತಹ ದೂರದ ಊರಿನಿಂದ ಬಂದವರಲ್ಲಿ ಹೆಂಗಸರು ಇನ್ನೂ ಕಡಿಮೆ.

ದೂರವೆಂಬ ಮಾತು ನಮ್ಮ ಸೀಮೆಗೆ ಹೊಸದೇ? ಸಾಗರದವರು ಶಿವಮೊಗ್ಗಕ್ಕೆ, ಹೊಸನಗರದವರು ಹುಲಿಕಲ್ ಘಾಟಿಯಿಳಿದು ಕುಂದಾಪುರದ ಕಡೆಗೆ, ಕೊನೆಗೆ ಎಲ್ಲರೂ ಬೆಂಗಳೂರಿನ ಕಿದ್ವಾಯಿಗೆ. ಮಳೆಗಾಲದಲ್ಲಿ ಸಂಪರ್ಕ ರಸ್ತೆಯಲ್ಲಿ ಜೀಪು ಹೋಗುವುದೇ ಕಷ್ಟ. ಗಂಡಸಿಗೆ ಕಾಯಿಲೆಯಾದರೆ ಜೊತೆಗೆ ಹೋಗಲು ಹೆಂಡತಿ ಇರುತ್ತಾಳೆ. ಹೆಂಡತಿಗಾದರೆ ಕೊಟ್ಟಿಗೆಯ ಹಸುವನ್ನು ನೋಡುವವರು ಯಾರೆಂಬುದೇ ಮೊದಲ ಪ್ರಶ್ನೆ. 2018ರಿಂದ ಆರೋಗ್ಯ ಕರ್ನಾಟಕದ ಕಾರ್ಡು ಬಂದು ಖರ್ಚಿನ ಭಾರವೇನೋ ಕೆಲವರಿಗೆ ಹಗುರವಾಯಿತು. ಹಸುವಿಗೆ ಹುಲ್ಲು ಹಾಕುವ ಯೋಜನೆ ಇನ್ನೂ ಬಂದಿಲ್ಲ, ಬಿಡಿ.

ಎರಡು ಮೂರು ವಾರ ಬಿಡದೆ ಹೊಟ್ಟೆಯುಬ್ಬರ, ಊಟ ಸೇರದಿರುವುದು, ಪದೇ ಪದೇ ಮೂತ್ರಕ್ಕೆ ಹೋಗುವುದು ಇದ್ದರೆ ಕಷಾಯವನ್ನು ಪಕ್ಕಕ್ಕಿಟ್ಟು ಒಂದು ಸ್ಕ್ಯಾನಿಂಗ್ ಮಾಡಿಸಬೇಕು. ಅದು ತಾಲ್ಲೂಕು ಕೇಂದ್ರದಲ್ಲೇ ಆಗುವಂಥದು.

ಕಳೆದ ಸುಗ್ಗಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿಯಲ್ಲಿ ಇಂಥದೇ ತೊಂದರೆ ಹೇಳಿಕೊಂಡು, "ಕೊಯ್ಲು ಮುಗೀಲಿ ಸಾರ್, ಆಮೇಲೆ ತೋರಿಸ್ತೀನಿ" ಎಂದಳು. ಅವಳ ಗಂಡನೂ ನನ್ನ ಶಿಷ್ಯನೇ. ಅಂದು ರಾತ್ರಿಯೇ ಅವನಿಗೆ ಫೋನು ಮಾಡಿ, ತರಗತಿಯಲ್ಲಿ ಗದರಿದ್ದಕ್ಕಿಂತ ಜೋರಾಗಿ ಗದರಿದೆ.