ಮೇಘಸ್ಫೋಟವೆಂಬ ಸುಲಭದ ಮಾತು

ಮಳೆ ಬಿರುಸಾದರೆ ಸಾಕು, ‘ಮೇಘಸ್ಫೋಟ’ ಎಂದು ಬರೆದುಬಿಡುತ್ತಾರೆ. ಈ ಪದಕ್ಕೊಂದು ಅಳತೆಯುಂಟು: ಸುಮಾರು 20–30 ಚದರ ಕಿಲೋಮೀಟರ್ ಪ್ರದೇಶದಲ್ಲಿ ಗಂಟೆಗೆ 100 ಮಿಲಿಮೀಟರ್ ಮೀರಿದ ಮಳೆ. ದಿನವೊಂದರಲ್ಲಿ 64.5 ಮಿಲಿಮೀಟರ್ ಮುಟ್ಟಿದರೆ ಅದು ‘ಭಾರಿ ಮಳೆ’, ಅಷ್ಟೇ.

ಇದು ಬರಿಯ ಪದದ ಜಗಳವೆಂದು ನಾನು ಒಪ್ಪಲಾರೆ. 2019ರ ಆಗಸ್ಟಿನಲ್ಲಿ ಗೋಕಾಕದ ಲೋಳಸೂರ ಸೇತುವೆಯನ್ನು ಮುಳುಗಿಸಿದ್ದು ನಮ್ಮ ತಲೆಯ ಮೇಲಿನ ಮೋಡವೊಂದೇ ಅಲ್ಲ. ಘಟ್ಟದ ಮಳೆಯನ್ನು ಘಟಪ್ರಭೆ, ಹಿರಣ್ಯಕೇಶಿಗಳು ಹೊತ್ತು ತಂದವು, ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯದಿಂದಲೂ ನೀರು ಹೊರಬಿತ್ತು. ‘ಸ್ಫೋಟ’ವೆಂದರೆ ದೈವಕೋಪ, ಯಾರೂ ಹೊಣೆಯಲ್ಲ. ‘ಒಳಹರಿವು, ಹೊರಹರಿವು’ ಎಂದರೆ ಮುಂಚಿತವಾಗಿ ಎಚ್ಚರಿಸಬಹುದು, ತಪ್ಪಿದರೆ ಕೇಳಬಹುದು. ಮೂಡಲಗಿಯ ಹೊಳೆದಂಡೆಯ ರೈತನಿಗೆ ಬೇಕಾದುದು ಆ ಅಂಕಿ, ಬೆದರಿಸುವ ಪದವಲ್ಲ.