ಫೆರಿಟಿನ್ ಕೇಳುವವರು ಹೊಟ್ಟೆಯನ್ನೂ ವಿಚಾರಿಸಲಿ

‘ಗುಳಗಿ ತಗೊಂಡ್ರ ಹೊಟ್ಟಿ ತೊಳಸ್ತೈತ್ರಿ’ ಎಂಬ ಮಾತನ್ನು ವೈದ್ಯರು ಹಟವೆಂದು ತಳ್ಳಿಹಾಕುವುದು ಸುಲಭ. ಥಲಸ್ಸೇಮಿಯಾ ಮಕ್ಕಳ ವಿಷಯದಲ್ಲಿ ಅದು ಹಟವಲ್ಲ, ಔಷಧದ ಗುಣ.

ಹೆತ್ತವರಿಬ್ಬರಿಂದಲೂ ಬರುವ ಈ ರಕ್ತದ ಕಾಯಿಲೆಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಏರಿಸಬೇಕು. ಒಂದು ಯೂನಿಟ್ ರಕ್ತದಲ್ಲಿ 200ರಿಂದ 250 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ದೇಹ ದಿನಕ್ಕೆ ಹೊರಹಾಕುವುದು ಒಂದೆರಡು ಮಿಲಿಗ್ರಾಂ ಮಾತ್ರ. ಉಳಿದದ್ದು ಹೃದಯ, ಯಕೃತ್ತಿನಲ್ಲಿ ಕೂಡಿಬೀಳುತ್ತದೆ. ಹಿಂದೆ ಅದನ್ನು ತೆಗೆಯಲು ಚರ್ಮದಡಿ ಸೂಜಿ ಚುಚ್ಚಿ, ರಾತ್ರಿಯೆಲ್ಲ ಪಂಪ್ ಕಟ್ಟಿಕೊಂಡು ಮಲಗಬೇಕಿತ್ತು. 2005ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಡೆಫೆರಾಸಿರಾಕ್ಸ್ ಮಾತ್ರೆ ಆ ಸೂಜಿಯಿಂದ ಬಿಡುಗಡೆ ಕೊಟ್ಟಿತು.

ಬೆಲೆ ತೆತ್ತದ್ದು ಹೊಟ್ಟೆ. ವಾಕರಿಕೆ, ವಾಂತಿ, ಭೇದಿ, ಹೊಟ್ಟೆನೋವು ಇದರ ಸಾಮಾನ್ಯ ಅಡ್ಡಪರಿಣಾಮಗಳು; ಅಪರೂಪಕ್ಕೆ ಹುಣ್ಣು, ರಕ್ತಸ್ರಾವವೂ ಆಗುತ್ತದೆ. ನೀರಿನಲ್ಲಿ ಕರಗಿಸುವ ಮಾತ್ರೆಯನ್ನು ಊಟಕ್ಕೆ ಅರ್ಧ ಗಂಟೆ ಮುಂಚೆ, ಖಾಲಿ ಹೊಟ್ಟೆಯಲ್ಲೇ ಕುಡಿಯಬೇಕು. ಬೈಲಹೊಂಗಲದಿಂದಲೋ ರಾಮದುರ್ಗದಿಂದಲೋ ರಕ್ತ ಏರಿಸಿಕೊಳ್ಳಲು ಬೆಳಗಾವಿಯ ಮೊದಲ ಬಸ್ಸು ಹಿಡಿಯುವ ಮಗು ಅದನ್ನು ಕುಡಿದು ಹೊರಟರೆ ದಾರಿಯುದ್ದಕ್ಕೂ ಏನಾದೀತೆಂದು ಬಿಡಿಸಿ ಹೇಳಬೇಕಿಲ್ಲ. ಕೊನೆಗೆ ಮಾತ್ರೆ ತಪ್ಪುತ್ತದೆ, ದೇಹದಲ್ಲಿ ಕೂಡಿದ ಕಬ್ಬಿಣವನ್ನು ತೋರಿಸುವ ಫೆರಿಟಿನ್ ಏರುತ್ತದೆ, ಬೈಸಿಕೊಳ್ಳುವವಳು ತಾಯಿ.

ಇದಕ್ಕೆ ದಾರಿ ಇಲ್ಲದಿಲ್ಲ. 2015ರಲ್ಲಿ ಬಂದ, ಇದೇ ಔಷಧದ ಲೇಪನದ ಮಾತ್ರೆಯನ್ನು ಲಘು ಉಪಾಹಾರದ ಜೊತೆ ನುಂಗಬಹುದು; ನುಂಗಲಾಗದ ಮಗುವಿಗೆ ಪುಡಿಮಾಡಿ ಮೊಸರಲ್ಲಿ ಕಲಸಿ ಕೊಡಬಹುದು. ಕರಗಿಸುವ ಮೂಲ ಮಾತ್ರೆಯಲ್ಲಿದ್ದ ಲ್ಯಾಕ್ಟೋಸ್ ಇದರಲ್ಲಿಲ್ಲ. ಪ್ರಮಾಣ ಮಾತ್ರ ಬೇರೆ, ಸುಮಾರು ಶೇ 30ರಷ್ಟು ಕಡಿಮೆ. ಹಾಗಾಗಿ ಅಂಗಡಿಯವರು ಕೊಟ್ಟರೆಂದು ಒಂದರ ಬದಲು ಇನ್ನೊಂದನ್ನು ನುಂಗಿಸಬಾರದು.

ಹೊಟ್ಟೆ ಉರಿಗೆಂದು ಮನೆಯಲ್ಲಿಟ್ಟಿರುವ ಆಂಟಾಸಿಡ್‌ನ ಕಥೆಯೇ ಬೇರೆ. ಅದರಲ್ಲಿ ಅಲ್ಯೂಮಿನಿಯಂ ಇದ್ದರೆ ಈ ಔಷಧದ ಜೊತೆ ಕೊಡುವಂತಿಲ್ಲ. ಇದಕ್ಕಿಂತ ಗಂಭೀರವಾದದ್ದು ವಾಂತಿಭೇದಿ: ಮೈಯಲ್ಲಿ ನೀರು ಬತ್ತಿದಾಗ ಈ ಮಾತ್ರೆ ಮೂತ್ರಪಿಂಡಕ್ಕೆ ಪೆಟ್ಟು ಕೊಡಬಲ್ಲದು. ಮಗುವಿಗೆ ಜ್ವರ, ಭೇದಿ ಹಿಡಿದ ದಿನವೇ ವೈದ್ಯರಿಗೆ ತಿಳಿಸಿ, ಮಾತ್ರೆ ತಾತ್ಕಾಲಿಕವಾಗಿ ನಿಲ್ಲಿಸಬೇಕೇ ಎಂದು ಕೇಳಬೇಕು. ಬೇಸಿಗೆಯ ಸವದತ್ತಿ ಸೀಮೆಯಲ್ಲಿ ಈ ಎಚ್ಚರಿಕೆ ಚೀಟಿಯ ಮೇಲೆ ಕನ್ನಡದಲ್ಲೇ ಬರೆದಿರಬೇಕು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಥಲಸ್ಸೇಮಿಯಾವನ್ನು ತನ್ನ ಪಟ್ಟಿಗೆ ಸೇರಿಸಿಕೊಂಡಿದೆ. ಅಂಗವೈಕಲ್ಯದ ಪ್ರಮಾಣಪತ್ರ ಕೊಟ್ಟ ಸರ್ಕಾರ ಲೇಪನದ ಮಾತ್ರೆಯನ್ನೂ ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆಯನ್ನೂ ತಾಲ್ಲೂಕು ಆಸ್ಪತ್ರೆಯಲ್ಲೇ ಸಿಗುವಂತೆ ಮಾಡಲಿ.