ಆಸ್ಕರ್ರೂ ತೆಪ್ಪಕಾಡಿನ ಬೆಳ್ಳಿಯೂ

ಆಸ್ಕರ್ ಸಮಾರಂಭ ಅಂದ್ರೆ ನಂಗೆ ಮೊದ್ಲು ಕಣ್ಣಿಗೆ ಬೀಳೋದು ಬಟ್ಟೆಬರೆನೇ ಕಣ್ರವ್ವ, ಅದನ್ನ ಮುಚ್ಚಿಡೋದೇನು. ಸಿನಿಮಾ ಅಳೆದು ತೂಗೋ ವಿದ್ಯೆ ನಂಗಿಲ್ಲ. ಮಾರ್ಚ್ ತಿಂಗ್ಳು ಬಂದಾಗ ಟೀವಿಲಿ ತೋರಿಸ್ತಾರೆ, ಕೆಲಸದ ಮಧ್ಯೆ ವಸಿ ನೋಡ್ತೀನಿ, ಮರೀತೀನಿ. 2023ರದ್ದು ಮಾತ್ರ ಮರ್ತಿಲ್ಲ. ಅದ್ರ ಮೇಲೆ ನಂಗೆ ಖುಷಿಯೂ ಅದೆ, ತಕರಾರೂ ಅದೆ.

ಅವತ್ತು ಮಾರ್ಚ್ 13, ಸೋಮವಾರ. ನಮಗೆ ಬೆಳಗಿನ ಹೊತ್ತು, ಲಾಸ್ ಏಂಜಲೀಸಿನೋರಿಗೆ ಇನ್ನೂ ಭಾನುವಾರ ಸಾಯಂಕಾಲ. ಕೆಂಪು ಹಾಸು, ಕೆಂಪು ಹಾಸು ಅಂತಾರಲ್ಲ, ಆ ವರ್ಷ ಹಾಸಿದ್ದು ಕೆಂಪಲ್ಲ, ತಿಳಿ ಬಣ್ಣದ್ದು. ಅಷ್ಟು ಜನ ತುಳ್ಯೋ ಜಾಗಕ್ಕೆ ಅಂಥ ಬಣ್ಣ ಆರಿಸಿದೋರು ಯಾವತ್ತೂ ಮನೆ ಒರೆಸಿದೋರಲ್ಲ ಬುಡಿ. ಬೆಂಗಳೂರಲ್ಲಿ ಬೆಳೆದ ದೀಪಿಕಾ ಪಡುಕೋಣೆ ಕರೀ ಗೌನು ಹಾಕ್ಕಂಡು 'ನಾಟು ನಾಟು' ಹಾಡಿನ ಪರಿಚಯ ಮಾಡ್ಕೊಟ್ರು. ಆ ಹಾಡಿಗೆ ಪ್ರಶಸ್ತಿ ಬಂತು, ಕೀರವಾಣಿಯವ್ರು ಭಾಷಣದ ಮಧ್ಯೆ ಹಾಡೇ ಹೇಳ್ಬುಟ್ರು. ಮಿಷೆಲ್ ಯೋ ಅನ್ನೋರಿಗೆ ಶ್ರೇಷ್ಠ ನಟಿ ಪ್ರಶಸ್ತಿ, ವಯಸ್ಸು 60. ನಿಮ್ಮ ಕಾಲ ಮುಗೀತು ಅಂತ ಯಾರಾದ್ರೂ ಅಂದ್ರೆ ಕಿವಿಗೆ ಹಾಕ್ಕಬೇಡಿ ಅಂತ ಹೆಂಗಸ್ರಿಗೆ ಹೇಳಿದ್ರು. ಮಂಡಿನೋವು ಅಂತ ಮೂಲೆ ಹಿಡ್ದಿರೋ ನಮ್ಮ ಚಿಕ್ಕವ್ವಂದಿರು ಕೇಳ್ಬೇಕಾಗಿತ್ತು.

ನನ್ನ ತಕರಾರು ಇರೋದು 'ದಿ ಎಲಿಫೆಂಟ್ ವಿಸ್ಪರರ್ಸ್' ವಿಚಾರದಲ್ಲಿ. ಕಿರು ಸಾಕ್ಷ್ಯಚಿತ್ರದ ಪ್ರಶಸ್ತಿ ಅದಕ್ಕೆ ಬಂತು. ನಿರ್ದೇಶಕಿ ಕಾರ್ತಿಕಿ ಗೊನ್ಸಾಲ್ವಿಸ್ ಮಾತಾಡಿದ್ರು. ನಿರ್ಮಾಪಕಿ ಗುನೀತ್ ಮೊಂಗಾ ಬಾಯಿ ತೆಗೆಯೋ ಹೊತ್ಗೆ ವಾದ್ಯ ಸುರುವಾಯ್ತು, ಇಳೀರಿ ಕೆಳಗೆ ಅಂತ. ಒಬ್ಬೊಬ್ರ ಪ್ರಶಸ್ತಿಗೆ 45 ಸೆಕೆಂಡು ಅನ್ನೋದು ಅಲ್ಲಿಯ ಲೆಕ್ಕ. ಲೆಕ್ಕ ಇರ್ಲಿ, ಅದೇ ವೇದಿಕೆ ಮೇಲೆ ಅದಕ್ಕಿಂತ ಜಾಸ್ತಿ ಮಾತಾಡಿದೋರೂ ಇದ್ರಲ್ಲ? ಮನೇಲಿ ನಾವು ಏನಾದ್ರೂ ಹೇಳೋಕೆ ಹೊಂಟಾಗ ಟೀವಿ ಸೌಂಡು ಜಾಸ್ತಿ ಆಯ್ತದಲ್ಲ, ಅದೇ ನೆನಪಾಯ್ತು ನಂಗೆ.

ಅದಕ್ಕಿಂತ ದೊಡ್ಡ ಮಾತು ಇನ್ನೊಂದದೆ. ಆ ಸಿನಿಮಾದ ಬೆಳ್ಳಿ, ಬೊಮ್ಮನ್ ಎಲ್ಲಿಯೋರು ಹೇಳಿ? ನಮ್ಮ ನಂಜನಗೂಡಿಂದ ಊಟಿ ರಸ್ತೆ ಹಿಡ್ದು ಗುಂಡ್ಲುಪೇಟೆ, ಬಂಡೀಪುರ ದಾಟಿದ್ರೆ ಮುದುಮಲೆ ಕಾಡು, ಅಲ್ಲೇ ತೆಪ್ಪಕಾಡು ಆನೆ ಶಿಬಿರ. ಹೆಸ್ರು ನೋಡಿ, ಬೆಳ್ಳಿ, ಬೊಮ್ಮ. ನಮ್ಮೂರ ಬೀದೀಲಿ ಕೂಗಿದ್ರೆ ಯಾರಾದ್ರೂ ಓ ಅನ್ನೋ ಹಂಗವೆ. ಮಗಳನ್ನ ಕಳ್ಕಂಡಿದ್ದ ಬೆಳ್ಳಿ, ತಾಯಿ ಕಳ್ಕಂಡಿದ್ದ ರಘು ಅನ್ನೋ ಆನೆಮರೀನ ಮಗನ ಹಂಗೆ ಸಾಕಿದ್ದೇ ಆ ಸಿನಿಮಾ. ಪ್ರಶಸ್ತಿ ಬಂದಾಗ ಇಬ್ರೂ ಅಲ್ಲಿರ್ಲಿಲ್ಲ. ಬೆಳ್ಳಿ ಇಲ್ಲೇ, ಆಸ್ಕರ್ ಅಂದ್ರೇನು ಅಂತ ಗೊತ್ತಿಲ್ಲ ಅಂದ್ರು. ಬೊಮ್ಮನ್ ಧರ್ಮಪುರಿ ಕಡೆ ತಾಯಿಯಿಂದ ಅಗಲಿದ ಇನ್ನೊಂದು ಮರೀನ ನೋಡ್ಕಳೋಕೆ ಹೋಗಿದ್ರು. ದುಬಾರಿ ಬಟ್ಟೆ ಹಾಕ್ಕಂಡು ಸಾವಿರಾರು ಜನ ಕೂತಿರೋ ಆ ಹಾಲ್‌ನಲ್ಲಿ ಇವರಿಗೆ ಎರಡು ಕುರ್ಚಿ ಹಾಕೋಕೆ ಆಗ್ತಿರ್ಲಿಲ್ವಾ?

ಆ ಮರೀನ ತೆಪ್ಪಕಾಡಿಗೆ ತಂದು ಇವರಿಬ್ರ ಕೈಗೇ ಕೊಟ್ರು. ಪುಡಿ ಹಾಲು ಅರಗದೆ, ಭೇದಿ ಹತ್ತಿ, ಅದೇ ಮಾರ್ಚ್ ಕೊನೇಲಿ ಅದು ಸತ್ತೋಯ್ತು. ಬಾಟ್ಲಿ ಹಾಲಲ್ಲಿ ಮಕ್ಕಳು ಸಾಕಿರೋರಿಗೆ ಗೊತ್ತಾಯ್ತದೆ, ಆ ರಾತ್ರಿಗಳು ಹೆಂಗಿರ್ತವೆ ಅಂತ. ಪ್ರಶಸ್ತಿ ಬಂದದ್ದು ಎಲ್ಲಾ ಚಾನೆಲ್ಲಲ್ಲಿ ದಿನವಿಡೀ ಬಂತು. ಮರಿ ಸತ್ತ ಸುದ್ದಿ ಎಷ್ಟು ಜನ ನೋಡಿದ್ರಿ?

ತಮಿಳುನಾಡು ಸರ್ಕಾರ ನಿರ್ದೇಶಕಿಗೆ ಒಂದು ಕೋಟಿ ಕೊಡ್ತು. ಬೆಳ್ಳಿ, ಬೊಮ್ಮನ್ ಸೇರಿ ಅಲ್ಲಿಯ ಎರಡು ಶಿಬಿರಗಳ 91 ಜನಕ್ಕೆ ತಲಾ ಒಂದು ಲಕ್ಷ. ಆ ಹುಡುಗಿ ವರ್ಷಾನುಗಟ್ಟಲೆ ಕಾಡು ಸುತ್ತಿ ಸಿನಿಮಾ ತೆಗ್ದವ್ಳೆ, ಅವಳಿಗೆ ಕೊಟ್ಟಿದ್ದು ಜಾಸ್ತಿ ಅಂತ ನಾನು ಅನ್ನಲ್ಲ. ತೋರಿಸಿದೋರಿಗೂ ಸಾಕಿದೋರಿಗೂ ಮಧ್ಯೆ ನೂರು ಪಟ್ಟು ಅಂತರ ಯಾಕೆ ಅಂತಷ್ಟೇ ಕೇಳ್ತಿರೋದು. ಇದೇನು ಹೊಸ್ದಲ್ಲ. ಮೈಸೂರು ಅರಸ್ರ ಕತೆ ನಮ್ಮ ಹದಿನಾರಿಂದ್ಲೇ ಸುರು ಅಂತಾರೆ. ಯದುರಾಯನ ಹೆಸ್ರು ಮಕ್ಕಳಿಗೂ ಗೊತ್ತು. ಅವನ ಹತ್ರ ಕಷ್ಟ ಹೇಳ್ಕಂಡ ಆ ಅರಮನೆ ತಾಯಿ ಹೆಸ್ರು ಕೇಳಿ, ಹಿರೀಕ್ರೂ ತಡವರಿಸ್ತಾರೆ. ದಸರಾದಲ್ಲೂ ಹಂಗೇ. ಅಂಬಾರಿ ಹೊರೋ ಆನೆ ಹೆಸ್ರು ಹೇಳ್ತೀವಿ, ಮಾವುತನ ಹೆಸ್ರೂ ಒಮ್ಮೊಮ್ಮೆ ಪೇಪರಲ್ಲಿ ಬತ್ತದೆ. ಅರಮನೆ ಆವರಣದಲ್ಲಿ ಶೆಡ್ಡು ಹಾಕ್ಕಂಡು ಒಲೆ ಹಚ್ಚೋ ಅವರ ಹೆಂಡ್ರ ಹೆಸ್ರು ಯಾರಿಗೆ ಗೊತ್ತು?

ನನ್ನ ಕೇಳಿದ್ರೆ ಬೆಳ್ಳಿಗೆ ಪ್ರಶಸ್ತಿ ಬಂದಿದ್ದು ಮಾರ್ಚಲ್ಲಲ್ಲ, 2023ರ ಆಗಸ್ಟ್ 2ನೇ ತಾರೀಕು. ಅಲ್ಲಿವರ್ಗೂ ಹಂಗಾಮಿಯಾಗಿ ದುಡೀತಿದ್ದ ಆಕೆಗೆ ಅವತ್ತು ಮುಖ್ಯಮಂತ್ರಿ ಸ್ಟಾಲಿನ್ ಕಾವಾಡಿ ಕೆಲಸದ ಕಾಯಂ ಆದೇಶ ಕೊಟ್ರು. ತೆಪ್ಪಕಾಡು ಶಿಬಿರಕ್ಕೆ ಆಕೆಯೇ ಮೊದಲ ಹೆಣ್ಣು ಕಾವಾಡಿ. ಅದಕ್ಕೆ ವಾದ್ಯ ಇಲ್ಲ, ಹಾಸು ಇಲ್ಲ. ತಿಂಗಳ ಸಂಬಳ ಅದೆ. ಹಂಗಾಮಿ ಅಂತ ಅಂಗನವಾಡಿ, ಬಿಸಿಯೂಟ ಅಂತ ದುಡೀತಾ ಇರೋ ನಮ್ಮ ಅಕ್ಕತಂಗೀರಿಗೆ ಆ ಕಾಗದದ ಬೆಲೆ ನಾನು ಬಿಡಿಸಿ ಹೇಳ್ಬೇಕಾ?

ಸಿನಿಮಾ ನೋಡ್ದೆ ಇರೋರು ನೋಡಿ, ನಲವತ್ತು ನಿಮಿಷದ್ದಷ್ಟೇ. ಸಾರು ಕುದಿಯೋಕೆ ಇಟ್ಟು ಸುರು ಮಾಡಿದ್ರೆ ಊಟಕ್ಕೆ ಇಕ್ಕೋ ಹೊತ್ಗೆ ಮುಗೀತದೆ. ಮಾತು ತಮಿಳು, ಆದ್ರೂ ಅರ್ಥ ಆಯ್ತದೆ. ಅಲ್ಲಿಯ ಆನೆಗಳಿಗೂ ರಾಗಿ, ಹುರುಳಿ ಬೇಯ್ಸಿ ಮುದ್ದೆ ಕಟ್ಟೇ ಇಕ್ಕೋದು ಕಣ್ರವ್ವ.